ಯಾರೂ ಮುಟ್ಟದೆ ಏಳಬೇಕಾದ ಯಂತ್ರ

ಹೊನ್ನಾವರದಲ್ಲಿ ನನಗೆ ಸ್ವಂತ ಹೆಸರಿಲ್ಲ. ಡಾಕ್ಟರಮ್ಮನ ಗಂಡ ಅಂದರೆ ಮೀನುಪೇಟೆಯಿಂದ ಬಸ್ ಸ್ಟ್ಯಾಂಡಿನವರೆಗೂ ಗುರುತು ಹಿಡಿಯುತ್ತಾರೆ. ಕುಮಟೆಯ ಕಾಲೇಜೊಂದರಲ್ಲಿ ವರ್ಷಗಟ್ಟಲೆ ಕಂಪ್ಯೂಟರ್ ಪಾಠ ಮಾಡಿ, ಸಾಕೆನಿಸಿ, ಅವಧಿಗೆ ಮೊದಲೇ ಬಿಟ್ಟು ಬಂದವನು ನಾನು. ಬಿಟ್ಟ ದಿನ ಶಾಲು ಹೊದಿಸಿ, ತಮ್ಮಂಥವರ ಸೇವೆ ಸಂಸ್ಥೆಗೆ ಇನ್ನೂ ಬೇಕಿತ್ತು ಎಂದು ಭಾಷಣ ಮಾಡಿದರು. ನಾನು ನಂಬಿದೆ. ಮರುವಾರ ಲ್ಯಾಬಿನ ಬೀಗದ ಕೈ ಎಲ್ಲಿಟ್ಟಿದ್ದೇನೆಂದು ಕೇಳಲು ಒಂದು ಫೋನ್ ಬಂತು. ಆಮೇಲೆ ಯಾರೂ ಏನೂ ಕೇಳಲಿಲ್ಲ.

ಹೆಂಡತಿಯ ಕ್ಲಿನಿಕ್ಕು ಹೊನ್ನಾವರದಲ್ಲಿ, ನಮ್ಮ ಮನೆ ಕುಮಟೆಯಲ್ಲಿ. ತಿಂಡಿ ಮುಗಿಸಿ ಕಾರಿನಲ್ಲಿ ಅವಳನ್ನು ಕರೆತರುವುದು, ಸಂಜೆ ಕರೆದೊಯ್ಯುವುದು, ನಡುವೆ ಕ್ಲಿನಿಕ್ಕಿನ ಒಳಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು ಪೇಪರ್ ಓದುವುದು ನನ್ನ ಹೊಸ ಉದ್ಯೋಗ. ಹಿಂದಿನ ಬಾಗಿಲಿಂದ ಒಳಗೆ ಹೋಗುತ್ತಿದ್ದುದರಿಂದ ಮುಂದಿನ ಬಾಗಿಲಲ್ಲಿ ಬೆಳಗಿನ ಹೊತ್ತು ಏನು ನಡೆಯುತ್ತದೆಂಬುದು ನನಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದ ವಿಷಯಕ್ಕೆ ತಂತ್ರಾಂಶ ಬರೆಯುವುದು ನಮ್ಮ ವೃತ್ತಿಯವರಿಗೆ ಹೊಸದೇನಲ್ಲ ಬಿಡಿ.

ನಡೆಯುತ್ತಿದ್ದುದು ಇಷ್ಟು. ಬಾಗಿಲು ತೆಗೆಯುವುದಕ್ಕೆ ಬಹಳ ಮೊದಲೇ ಮೆಟ್ಟಿಲ ಮೇಲೆ ಚಪ್ಪಲಿಗಳ ಪಾಳಿ ಶುರುವಾಗುತ್ತಿತ್ತು. ಭಟ್ಕಳದ ಕಡೆಯವರು, ಕಾಸರಕೋಡಿನವರು, ಹಳದೀಪುರದವರು ಒಬ್ಬೊಬ್ಬರಾಗಿ ಬಂದು ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಎದುರಿನ ಹೋಟೆಲಿಗೆ ಚಾ ಕುಡಿಯಲು ಹೋಗುತ್ತಿದ್ದರು. ಚಪ್ಪಲಿ ಎಲ್ಲಿದೆಯೋ ಮನುಷ್ಯನ ಸ್ಥಾನ ಅಲ್ಲಿದೆ. ಮಳೆಗಾಲದಲ್ಲಿ ಎಲ್ಲರದೂ ಒಂದೇ ಥರದ ಕಪ್ಪು ರಬ್ಬರ್ ಚಪ್ಪಲಿಯಾಗಿ, ಯಾರದು ಯಾವುದೆಂಬ ಜಗಳ ಕನ್ನಡದಲ್ಲಿ ಹುಟ್ಟಿ ಕೊಂಕಣಿಯಲ್ಲಿ ಬೆಳೆದು ಉರ್ದುವಿನಲ್ಲಿ ತಣಿಯುತ್ತಿತ್ತಂತೆ. ಒಬ್ಬರು ಮಾತ್ರ ಚಪ್ಪಲಿಯ ಗೊಡವೆ ಬೇಡವೆಂದು ಕೊಡೆ ಇಡುತ್ತಿದ್ದರು. ಅವರು ನಿವೃತ್ತ ಬಸ್ ಕಂಡಕ್ಟರು. ಸಕ್ಕರೆ ಕಾಯಿಲೆಗೆಂದು ತಪ್ಪದೆ ಬರುತ್ತಿದ್ದರು. ತಮ್ಮ ತಪಾಸಣೆ ಮುಗಿದ ಮೇಲೂ ಬೆಂಚಿನಲ್ಲೇ ಕೂತು ಯಾರು ಯಾರ ಹಿಂದೆ ಒಳಗೆ ಹೋದರು ಎಂದು ನೋಡುತ್ತಿದ್ದರು. ಬಸ್ಸು ಬಿಟ್ಟರೂ ಕೆಲಸ ಅವರನ್ನು ಬಿಟ್ಟಿರಲಿಲ್ಲ.

ಚಪ್ಪಲಿಯ ಕ್ರಮವನ್ನು ಮನುಷ್ಯರ ಕ್ರಮಕ್ಕೆ ತಿರುಗಿಸುವ ಕೆಲಸ ಹೊರಗಿನ ಮೇಜಿನಲ್ಲಿ ಕೂರುವ ಅಕ್ಕನದು. ಕ್ಲಿನಿಕ್ಕು ಶುರುವಾದಂದಿನಿಂದ ಇರುವವಳು. ಧಾರೇಶ್ವರದ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ. ಅವಳನ್ನು ಹೊನ್ನಾವರವೆಲ್ಲ ಅಕ್ಕ ಅನ್ನುತ್ತದೆ. ನನಗಿಂತ ಚಿಕ್ಕವಳಾದರೂ ನಾನೂ ಅಕ್ಕ ಎಂದೇ ಕರೆಯುತ್ತೇನೆ. ಬಾಗಿಲು ತೆಗೆದ ಕೂಡಲೇ ಅವಳು ಚೀಟಿ ಹರಿದು ನಂಬರು ಬರೆದು ಕೊಡಬೇಕು. ಕೊಟ್ಟ ಕೂಡಲೇ ಬೈಸಿಕೊಳ್ಳಬೇಕು. ಧಾರೇಶ್ವರದ ಕಡೆಯವರು ಯಾರಾದರೂ ಸ್ವಲ್ಪ ಬೇಗ ಒಳಗೆ ಹೋದರೆ ಮುಗಿಯಿತು. ಅಕ್ಕ ತನ್ನ ಊರಿನವರನ್ನು ಮೊದಲು ಬಿಡುತ್ತಾಳೆ ಎಂದು ಕಂಡಕ್ಟರು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು. ಬಸ್ಸಿನ ಹಿಂದಿನ ಸೀಟಿಗೆ ಕೇಳಿಸಿ ಅಭ್ಯಾಸವಾದ ಗಂಟಲು, ಮೆಲ್ಲಗೆ ಹೇಳಿದರೂ ರಸ್ತೆಗೆ ಕೇಳಿಸುತ್ತಿತ್ತು. ಅವಳು ಹಾಗೆ ಯಾರನ್ನೂ ಬಿಟ್ಟವಳಲ್ಲ ಎಂದು ನನ್ನ ಹೆಂಡತಿಗೆ ಗೊತ್ತಿತ್ತು, ಆದರೆ ಒಳಗೆ ಕೂತವಳ ಸಾಕ್ಷಿ ಹೊರಗೆ ನಡೆಯುವುದಿಲ್ಲ.

ಒಂದು ದಿನ ಊಟದ ಹೊತ್ತಿಗೆ ಅಕ್ಕ ನನ್ನ ಹೆಂಡತಿಯ ಹತ್ತಿರ ಹೇಳುತ್ತಿದ್ದುದು ಪೇಪರಿನ ಹಿಂದಿದ್ದ ನನ್ನ ಕಿವಿಗೆ ಬಿತ್ತು. ಊರಿನ ಒಂದು ಮದುವೆಯಲ್ಲಿ ಪಂಕ್ತಿಗೆ ಕೂತಾಗ ಯಾರೋ, ಇವಳು ಬೇಕಾದವರನ್ನು ಮುಂದೆ ಹಾಕುವವಳು, ಇವಳ ಪಕ್ಕ ಕೂತರೆ ಹೋಳಿಗೆ ಬೇಗ ಬರುತ್ತದೆ ಎಂದು ನಗೆಯಾಡಿದರಂತೆ. ಎಲ್ಲರೂ ನಕ್ಕರಂತೆ. ಅವಳ ತಾಯಿ ಊಟ ಅರ್ಧಕ್ಕೆ ಬಿಟ್ಟು ಎದ್ದರಂತೆ. ನಂಬರು ತನ್ನ ಕೈಯಿಂದ ಹೋಗುವುದು ಬೇಡ, ಬೇರೆ ಏನಾದರೂ ಉಪಾಯ ಆಗಬೇಕು ಎಂದು ಅಕ್ಕ ಕೇಳುತ್ತಿದ್ದಳು.

ನಾನು ಪೇಪರ್ ಮಡಿಸಿದೆ. ಹೆಂಡತಿ ನನ್ನ ಮುಖ ನೋಡಿ, ಬೇಡ, ಎಂದಳು. ಇನ್ನೂ ನಾನು ಬಾಯಿ ತೆರೆದಿರಲಿಲ್ಲ.

ಆದರೂ ಮಾಡಿದೆ. ಮನೆಯ ಅಟ್ಟದಲ್ಲಿದ್ದ ಹಳೇ ಕಂಪ್ಯೂಟರನ್ನು ಒರೆಸಿ ಕ್ಲಿನಿಕ್ಕಿನ ಒಳಕೋಣೆಗೆ ತಂದು ಸರ್ವರ್ ಎಂದು ನಾಮಕರಣ ಮಾಡಿದೆ. ಜಗಲಿಯ ಗೋಡೆಗೆ ಒಂದು ಹಳೇ ಮೊಬೈಲನ್ನು ಬಿಗಿದೆ. ಬಂದವರು ಅದರ ಮೇಲೆ ಬೆರಳಿಟ್ಟರೆ ಅಂಗಡಿಯಲ್ಲಿ ಬಿಲ್ ಕೊಡುವಂಥ ಪುಟ್ಟ ಪ್ರಿಂಟರಿನಿಂದ ನಂಬರಿನ ಚೀಟಿ ಬರುತ್ತದೆ. ಒಳಗೆ ಡಾಕ್ಟರು ಒಂದು ಗುಂಡಿ ಒತ್ತಿದರೆ ಹೊರಗಿನ ಟೀವಿಯಲ್ಲಿ ಮುಂದಿನ ನಂಬರು ಕಾಣುತ್ತದೆ, ಕೂಗುತ್ತದೆ. ಕೂಗುವುದಕ್ಕೆ ನನ್ನದೇ ಧ್ವನಿ. ಕನ್ನಡದಲ್ಲಿ ಪರವಾಗಿರಲಿಲ್ಲ. ಭಟ್ಕಳದವರಿಗೆಂದು ಉರ್ದುವಿನಲ್ಲಿಯೂ ಕೂಗಿ ನೋಡಿದೆ. ಅದನ್ನು ಕೇಳಿದ ಒಬ್ಬ ಹಿರಿಯ ಹೆಂಗಸು, ಪಾಪ ಇವರಿಗೇನಾಗಿದೆ, ಇವರನ್ನೇ ಮೊದಲು ಒಳಗೆ ಕಳಿಸಿ ಎಂದರಂತೆ. ಉರ್ದುವನ್ನು ತೆಗೆದೆ.

ಶುರುವಿನ ದಿನ ಎಲ್ಲ ಸಲೀಸಾಗಿ ನಡೆಯಿತು. ಕಂಡಕ್ಟರು ಚೀಟಿಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದರು, ಕುಂದು ಸಿಗಲಿಲ್ಲ. ಅಕ್ಕ ಮೇಜಿನ ಹಿಂದೆ ಕೈ ಕಟ್ಟಿ ಕೂತಿದ್ದಳು. ವಾಪಸು ಬರುವಾಗ ಕಾರಿನಲ್ಲಿ ನಾನು, ಸ್ವಯಂಚಾಲಿತ ವ್ಯವಸ್ಥೆಯಲ್ಲಿ ಮನುಷ್ಯನ ಪಾತ್ರ ಎಂಬ ವಿಷಯದ ಮೇಲೆ ಹೆಂಡತಿಗೆ ಪಾಠ ಮಾಡಿದೆ. ಅವಳು, ಕುಮಟೆಯ ಆಚೆಗಿನ ದಿವಗಿ ಸೇತುವೆ ಈ ದಾರಿಯಲ್ಲಿ ಬರುವುದಿಲ್ಲವಲ್ಲ, ಬಂದಿದ್ದರೆ ಹೊಳೆಗೆ ಹಾರಿಬಿಡುತ್ತಿದ್ದೆ ಎಂದಳು.

ಮರುದಿನ ಬೆಳಿಗ್ಗೆ ದೋಸೆಯ ಎರಡನೇ ತುಂಡು ಬಾಯಲ್ಲಿರುವಾಗ ಅಕ್ಕನ ಫೋನ್. ಟೀವಿಯಲ್ಲಿ ಬರೀ ನೀಲಿ, ಮೊಬೈಲಿನಲ್ಲಿ ಏನೋ ಇಂಗ್ಲೀಷು. ತಪ್ಪು ಏನೆಂದು ತುಂಡು ನುಂಗುವ ಮೊದಲೇ ನನಗೆ ಹೊಳೆಯಿತು. ರಾತ್ರಿ ಯಾವಾಗಲೋ ಕರೆಂಟು ಹೋಗಿ ಬಂದಿರಬೇಕು. ಹಿಂದಿನ ದಿನ ನಾನು ಸರ್ವರಿನ ತಂತ್ರಾಂಶಕ್ಕೆ ‘ಈಗ ಶುರುವಾಗು’ ಎಂದು ಹೇಳಿದ್ದೆ. ‘ಯಂತ್ರ ಎದ್ದಾಗಲೆಲ್ಲ ನೀನೂ ಏಳು’ ಎಂದು ಹೇಳಿರಲಿಲ್ಲ. ಇವೆರಡೂ ಬೇರೆ ಬೇರೆ ಆದೇಶಗಳು. ಈ ವ್ಯತ್ಯಾಸವನ್ನು ನಾನು ಕಾಲೇಜಿನಲ್ಲಿ ವರ್ಷಾ ವರ್ಷ ಹೇಳಿಕೊಟ್ಟಿದ್ದೇನೆ, ಅದರ ಮೇಲೆ ಪರೀಕ್ಷೆಯಲ್ಲಿ ಪ್ರಶ್ನೆ ಹಾಕಿದ್ದೇನೆ, ಬರೆಯದವರಿಗೆ ಅಂಕ ಕಳೆದಿದ್ದೇನೆ.

ಕೀಬೋರ್ಡಿನ ಮುಂದೆ ಕೂರು ಎಂದು ಅಕ್ಕನಿಗೆ ಹೇಳಿ, ಒಂದೊಂದೇ ಇಂಗ್ಲೀಷ್ ಅಕ್ಷರ ಹೇಳಿ ಒತ್ತಿಸಿದೆ. ಒಳಕೋಣೆಯ ಬಾಗಿಲು ತೆರೆದೇ ಇತ್ತು. ಹೊರಗಿನವರೆಲ್ಲ ನೋಡುತ್ತಿದ್ದರು. ಟೀವಿ ಹೊತ್ತಿಕೊಂಡಿತು. ನಾನು ದೋಸೆಗೆ ಮರಳಿದೆ, ಗೆದ್ದವನಂತೆ.

ನಾವು ಹೋಗಿ ಮುಟ್ಟುವಷ್ಟರಲ್ಲಿ ಅಲ್ಲಿ ಮಾತು ಬೆಳೆದಿತ್ತು. ಮೊದಲ ಕೆಲವು ನಂಬರುಗಳಲ್ಲಿ ಧಾರೇಶ್ವರದ ಒಬ್ಬರದೂ ಇತ್ತು. ಅಕ್ಕ ಒಳಗೆ ಕೂತು ಅಷ್ಟು ಹೊತ್ತು ಏನೇನೋ ಒತ್ತಿದ್ದು ಯಾತಕ್ಕೆ ಎಂದು ಕಂಡಕ್ಟರು ಇಡೀ ಬೆಂಚಿಗೆ ಕೇಳುತ್ತಿದ್ದರು. ಮೊದಲಾದರೆ ಬರೆಯುವುದು ಕಣ್ಣಿಗೆ ಕಾಣುತ್ತಿತ್ತು, ಈಗ ಯಂತ್ರದೊಳಗೆ ಮಾಡಿದರೆ ಕಂಡವರಾರು ಎಂಬುದು ಅವರ ವಾದ. ವಾದದಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ, ಅದೇ ನನ್ನ ಸಿಟ್ಟಿಗೆ ಕಾರಣ.

ಮಧ್ಯಾಹ್ನ ಎಲ್ಲ ಹೋದ ಮೇಲೆ ಅಕ್ಕ ಒಳಕೋಣೆಯ ಬಾಗಿಲಿಗೆ ಬಂದು ನಿಂತಳು. ಸಾಮಾನ್ಯವಾಗಿ ನನ್ನ ಹತ್ತಿರ ಅವಳು ಮಾತಾಡುವುದು ಕಡಿಮೆ.

“ಸರ್, ನಾ ಒತ್ತೂದು ಎಲ್ರಿಗೂ ಕಾಣ್ತದೆ. ಎಂತ ಒತ್ತಿದೆ ಅಂತ ಯಾರಿಗೂ ಕಾಣೂದಿಲ್ಲ,” ಎಂದಳು. “ಅದು ತನ್ನಷ್ಟಕ್ಕೇ ಏಳ್ಬೇಕು. ನಾ ಮುಟ್ಟೂದೇ ಬ್ಯಾಡ.”

ಆ ಮಾತು ನನಗೆ ನಾಟಿತು. ನನ್ನ ಪಾಲಿಗೆ ಸರ್ವರ್ ತಾನಾಗಿ ಏಳುವುದೆಂದರೆ ಅಚ್ಚುಕಟ್ಟು, ಹೆಚ್ಚೆಂದರೆ ದೋಸೆ ಬಿಸಿಯಾಗಿ ತಿನ್ನುವ ಸೌಕರ್ಯ. ಅವಳ ಪಾಲಿಗೆ ಅದು ಮುಖ ಎತ್ತಿ ಬಸ್ಸು ಹತ್ತುವ ವಿಷಯ. ನಾನು ಆ ದಿನವೇ ಎರಡನೇ ಆದೇಶವನ್ನೂ ಕೊಟ್ಟು, ಯಂತ್ರವನ್ನು ಅವಳ ಕಣ್ಣೆದುರೇ ಮರುಚಾಲನೆ ಮಾಡಿ ತೋರಿಸಿದೆ. ತಂತ್ರಾಂಶ ತಾನಾಗಿ ಎದ್ದಿತು. ಇನ್ನು ನೀನು ಕೀಬೋರ್ಡಿನ ಹತ್ತಿರವೂ ಹೋಗಬೇಡ, ಇದು ನನ್ನ ಮಾತು ಎಂದೆ. ಎದೆಯ ಮೇಲೆ ಕೈ ಇಟ್ಟುಕೊಂಡು ಹೇಳಿದೆನೆಂದು ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ.

ಆ ಮಾತು ನಿಂತಿತು ಕೂಡ, ನಾನು ಅದಕ್ಕೆ ಕೈ ಹಾಕುವವರೆಗೆ. ಮಳೆಗಾಲ ಮುಗಿಯುವವರೆಗೂ ಟೀವಿ ದಿನಾ ತಾನಾಗಿ ಹೊತ್ತಿಕೊಂಡಿತು. ಚಪ್ಪಲಿಗಳು ಮೆಟ್ಟಿಲಿಂದ ಇಳಿದು ಕಾಲಿಗೆ ಮರಳಿದವು. ಕಂಡಕ್ಟರು ಕೊಡೆಯನ್ನು ಮಳೆಗೆ ಮಾತ್ರ ಬಳಸತೊಡಗಿದರು. ಅಕ್ಕ ಬೆಳಿಗ್ಗೆ ಹೂ ಮುಡಿದು ಬರುತ್ತಾಳೆ, ಮೊದಲು ಹಾಗೆ ಬರುತ್ತಿರಲಿಲ್ಲ ಎಂದು ಹೆಂಡತಿ ಹೇಳಿದಳು. ಯಾರೂ ನನ್ನನ್ನು ಹೊಗಳಲಿಲ್ಲ. ಚೆನ್ನಾಗಿ ನಡೆಯುವ ಯಂತ್ರದ ಹಿಂದೆ ಒಬ್ಬ ಮನುಷ್ಯ ಇದ್ದಾನೆಂದು ಯಾರಿಗೂ ನೆನಪಾಗುವುದಿಲ್ಲ. ನನಗೆ ಅದನ್ನು ಸಹಿಸಲಾಗಲಿಲ್ಲ. ಅದನ್ನು ಇನ್ನಷ್ಟು ಚೆನ್ನಾಗಿ ಮಾಡುತ್ತೇನೆಂದು ಹೊರಟೆ.

ಕಂಪ್ಯೂಟರಿನೊಳಗಿನ ಹಳೇ ಡಿಸ್ಕು ಗೊರಗೊರ ಎನ್ನುತ್ತ ನಿಧಾನಕ್ಕೆ ಏಳುತ್ತಿತ್ತು. ಅದನ್ನು ಕಿತ್ತು ಹೊಸ ನಮೂನೆಯ, ಸದ್ದೇ ಇಲ್ಲದ ಡಿಸ್ಕು ಹಾಕಿದೆ. ಕಂಪ್ಯೂಟರು ಈಗ ಕಣ್ಣು ಮಿಟುಕಿಸುವುದರಲ್ಲಿ ಎದ್ದು ನಿಲ್ಲುತ್ತಿತ್ತು. ಹೆಂಡತಿಯನ್ನು ಕರೆದು ತೋರಿಸಿದೆ. ಮೊದಲೂ ಏಳುತ್ತಿತ್ತಲ್ಲ ಎಂದಳು. ಬೇಗ ಏಳುವುದರ ಬೆಲೆ ಗೊತ್ತಿಲ್ಲದವರ ಹತ್ತಿರ ಮಾತು ಬೇಡವೆಂದು ಸುಮ್ಮನಾದೆ.

ಮರುದಿನ ಬೆಳಿಗ್ಗೆ ಟೀವಿ ನೀಲಿ.

ಅಕ್ಕ ಫೋನ್ ಮಾಡಿದಳು, ಆದರೆ ಈ ಸಲ ಕೀಬೋರ್ಡಿಗೆ ಕೈ ಹಚ್ಚಲು ಒಪ್ಪಲಿಲ್ಲ. ನಾವು ಬಂದು ನೋಡುವವರೆಗೆ ಜನ ಜಗಲಿಯಲ್ಲಿ ಒಬ್ಬರನ್ನೊಬ್ಬರು ದುರುಗುಟ್ಟುತ್ತ ನಿಂತಿದ್ದರು. ನಾನು ಹೋಗಿ ಯಂತ್ರವನ್ನು ಮರುಚಾಲನೆ ಮಾಡಿದೆ, ಎಲ್ಲ ಸರಿಯಾಯಿತು. ಮತ್ತೆ ಮಾಡಿದೆ, ಮತ್ತೆ ಸರಿ. ಸಂಜೆಯವರೆಗೆ ಎಷ್ಟು ಸಲ ಮಾಡಿದರೂ ಸರಿ. ಅದರ ಮರುದಿನ ಬೆಳಿಗ್ಗೆ ಮತ್ತೆ ನೀಲಿ. ನಾನಿದ್ದರೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಇದನ್ನು ಹೆಂಡತಿಗೆ ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತೆಂದು ತೋರುತ್ತದೆ. ಹಾಗಾದರೆ ನೀವು ಅಲ್ಲೇ ಹಾಸಿಗೆ ಹಾಸಿಕೊಳ್ಳಿ ಎಂದಳು.

ನಾನು ಇಲಿಯನ್ನು ಸಂಶಯಿಸಿದೆ. ಕರೆಂಟಿನವರನ್ನು ಸಂಶಯಿಸಿದೆ. ಗೋಡೆಯ ತಂಪನ್ನು ಸಂಶಯಿಸಿದೆ. ಹೊಸ ಡಿಸ್ಕು ಮಾರಿದವನಿಗೆ ಫೋನ್ ಮಾಡಿ ರೇಗಿದೆ. ಕಡೆಗೆ ಅಕ್ಕನೇ ಏನಾದರೂ ಮುಟ್ಟುತ್ತಿದ್ದಾಳೋ ಎಂದೂ ಒಮ್ಮೆ ಅನಿಸಿತು. ಸಂಶಯ ಬಾರದ್ದು ನನ್ನ ಮೇಲೆ ಒಂದೇ.

ಅಷ್ಟರಲ್ಲಿ ಚಪ್ಪಲಿಗಳು ಮೆಟ್ಟಿಲಿಗೆ ಮರಳಿದ್ದವು. ಕೈಚೀಟಿಯೂ ಮರಳಿತು, ಅದರ ಜೊತೆ ಮಾತುಗಳೂ. ಯಂತ್ರ ಇದ್ದಾಗ ಅಕ್ಕನಿಗೆ ತನ್ನವರನ್ನು ಬಿಡಲಾಗುತ್ತಿರಲಿಲ್ಲ, ಅದಕ್ಕೇ ಯಂತ್ರ ಕೆಟ್ಟಿದೆ ಎಂಬ ಹೊಸದೊಂದು ಸೇರಿಕೊಂಡಿತ್ತು. ಒಂದು ಸಂಜೆ ಹೊರಡುವಾಗ ಅಕ್ಕ ನನ್ನ ಹೆಂಡತಿಗೆ ಬಹಳ ಸಣ್ಣ ದನಿಯಲ್ಲಿ ಹೇಳಿದಳು.

“ಈ ತಿಂಗ್ಳು ಮುಗೀಲಿ ಮೇಡಂ. ಆಮೇಲೆ ನಾ ಬತ್ತಿಲ್ಲ. ಕೆಲ್ಸ ಬ್ಯಾಸರ ಅಲ್ಲ, ಮಾತು ಬ್ಯಾಸರ.”

ಕಾರಿನಲ್ಲಿ ಹೆಂಡತಿ ನನ್ನನ್ನು ಬೈಯಲಿಲ್ಲ. ಅವಳು ಬೈದಿದ್ದರೆ ವಾದಿಸಬಹುದಿತ್ತು. ನನ್ನ ಹತ್ತಿರ ಸಾಕಷ್ಟು ಇಂಗ್ಲೀಷ್ ಪದಗಳು ತಯಾರಿದ್ದವು. ಮನೆ ಮುಟ್ಟಿದ ಮೇಲೆ, ಆ ಹೆಂಗಸು ಇಲ್ಲದೆ ನಾನು ಕ್ಲಿನಿಕ್ಕು ನಡೆಸಿದ್ದೇ ಇಲ್ಲ ಎಂದಷ್ಟೇ ಹೇಳಿ ಒಳಗೆ ಹೋದಳು. ನನಗೆ ನಿಜವಾಗಿ ನಾಚಿಕೆಯಾಯಿತು.

ಮರುದಿನ ನಾನು ಕಾರು ಬಿಟ್ಟು ಬೆಳಗಿನ ಬಸ್ಸು ಹತ್ತಿ ಹೊನ್ನಾವರಕ್ಕೆ ಹೋದೆ. ಬಾಗಿಲು ತೆಗೆಯುವಾಗ ಏನು ನಡೆಯುತ್ತದೆಂದು ಕಣ್ಣಾರೆ ನೋಡುವುದು ನನ್ನ ಯೋಜನೆ. ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ. ಮೆಟ್ಟಿಲ ಹತ್ತಿರ ನಿಂತೆನೋ ಇಲ್ಲವೋ, ಹಿಂದಿನಿಂದ ಆ ಗಂಟಲು ಬಂತು. ಚಪ್ಪಲಿ ಪಾಳಿಯಲ್ಲಿ ಬಿಡಿ, ಸುಮ್ಮನೆ ಮುಂದೆ ನಿಂತರೆ ನಡೆಯುವುದಿಲ್ಲ ಎಂದು ಕಂಡಕ್ಟರು ಬಹುವಚನದಲ್ಲೇ ಗದರಿದರು. ಕಾಯಿಲೆ ಇಲ್ಲ, ಸುಮ್ಮನೆ ನೋಡಲು ಬಂದೆ ಎಂದೆ. ಹಾಗೆ ಹೇಳಿ ಮುಂದೆ ನುಗ್ಗಿದವರನ್ನು ತಾನು ಬಹಳ ಕಂಡಿದ್ದೇನೆಂದರು. ಹಿಂಬಾಗಿಲಿನ ಮನುಷ್ಯನಾದ ನನ್ನನ್ನು ಅವರು ಸರಿಯಾಗಿ ನೋಡಿರಲೇ ಇಲ್ಲ. ನನ್ನ ಚರ್ಮದ ಚಪ್ಪಲಿಯನ್ನು ರಬ್ಬರ್ ಚಪ್ಪಲಿಗಳ ಕೊನೆಗೆ ಬಿಟ್ಟು ಬರಿಗಾಲಲ್ಲಿ ನಿಂತುಕೊಂಡೆ.

ಅಕ್ಕ ಬಂದಳು. ನನ್ನನ್ನು ಕಂಡು ಗಲಿಬಿಲಿಯಾದಳು, ನಾನು ಸನ್ನೆ ಮಾಡಿದೆ, ಸುಮ್ಮನಾದಳು. ಬೀಗ ತೆಗೆದಳು. ಜಗಲಿಯ ಗೋಡೆಯ ಮೇಲಿನ ಪೆಟ್ಟಿಗೆಯ ಮುಚ್ಚಳ ಸರಿಸಿ ಮೇನ್ ಸ್ವಿಚ್ಚನ್ನು ಮೇಲಕ್ಕೆತ್ತಿದಳು. ಟಕ್ ಎಂದಿತು. ಒಳಗೂ ಹೊರಗೂ ಫ್ಯಾನು, ಟೀವಿ, ಕಂಪ್ಯೂಟರು, ಇಂಟರ್ನೆಟ್ಟಿನ ರೂಟರು ಎಲ್ಲಕ್ಕೂ ಒಟ್ಟಿಗೆ ಜೀವ ಬಂತು.

“ದಿನಾ ಮೇನ್ ತೆಗೀತೀಯಾ?” ಎಂದೆ.

ಅಕ್ಕ ನನ್ನನ್ನು ಎಂಥ ಪ್ರಶ್ನೆ ಎಂಬಂತೆ ನೋಡಿದಳು. ಸಂಜೆ ಬೀಗ ಹಾಕುವಾಗ, ಔಷಧಿಯ ಫ್ರಿಜ್ಜಿನದೊಂದು ಲೈನು ಬಿಟ್ಟು, ಮೇನ್ ಇಳಿಸದೆ ಹೋಗುವುದುಂಟೆ? ಹಿಂದೊಮ್ಮೆ ಸಿಡಿಲಿಗೆ ಇದೇ ಕ್ಲಿನಿಕ್ಕಿನ ಟೀವಿ ಸುಟ್ಟಿತ್ತು. ಆಮೇಲೆ ಡಾಕ್ಟರಮ್ಮನೇ ಕಟ್ಟುನಿಟ್ಟಾಗಿ ಹೇಳಿದ್ದರು. ಹೇಳದಿದ್ದರೂ ಅವಳು ಇಳಿಸುತ್ತಿದ್ದಳು. ನಮ್ಮ ಕಡೆ ಯಾರು ಇಳಿಸುವುದಿಲ್ಲ? ಕುಮಟೆಯ ಮನೆಯಲ್ಲಿ ದೂರದಲ್ಲೆಲ್ಲೋ ಗುಡುಗಿದರೆ ಸಾಕು, ಟೀವಿಯದು, ಮಿಕ್ಸರಿನದು, ಇಸ್ತ್ರಿಪೆಟ್ಟಿಗೆಯದು ಎಂದು ಮನೆಯಿಡೀ ಓಡಾಡಿ ಪ್ಲಗ್ಗು ಕೀಳುವವನು ನಾನೇ. ಊರಿಗೆ ಹೋಗುವಾಗ ಮೇನ್ ಇಳಿಸಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ವಾಪಸು ಬಂದವನೂ ನಾನೇ. ಅಂಥವನು ಸರ್ವರ್ ಮಾಡುವಾಗ ಮಾತ್ರ, ಎಂದೂ ಕರೆಂಟು ಆರದ ಯಾವುದೋ ದೇಶದ ಪುಸ್ತಕ ಓದಿಕೊಂಡು, ಇದು ಹಗಲೂ ರಾತ್ರಿ ಉರಿಯುತ್ತಿರುತ್ತದೆ ಎಂದುಕೊಂಡಿದ್ದೆ.

ಒಳಗೆ ಓಡಿದೆ. ಕಂಪ್ಯೂಟರು ಆಗಲೇ ಎದ್ದು ಕೂತಿತ್ತು. ಪಕ್ಕದ ರೂಟರಿನ ದೀಪಗಳು ಮಾತ್ರ ಇನ್ನೂ ಕೆಂಪಗೆ ಮಿಟುಕುತ್ತಿದ್ದವು. ಪರದೆಯ ಮೇಲೆ ನನ್ನ ತಂತ್ರಾಂಶದ ದೂರು ಸಾಲಾಗಿ ಬಂತು: ವಿಳಾಸ ಇಲ್ಲ, ವಿಳಾಸ ಇಲ್ಲ, ವಿಳಾಸ ಇಲ್ಲ. ಕಡೆಗೆ, ಇಷ್ಟು ಬೇಗ ಬೇಗ ಕರೆದರೆ ನಾನು ಏಳುವುದಿಲ್ಲ ಎಂಬರ್ಥದ ಒಂದು ಸಾಲು. ಆಮೇಲೆ ಸ್ತಬ್ಧ. ಅದಾಗಿ ಸ್ವಲ್ಪ ಹೊತ್ತಿಗೆ ರೂಟರಿನ ದೀಪ ಹಸಿರಾಯಿತು.

ಎಲ್ಲ ಅರ್ಥವಾಯಿತು. ನಂಬರಿನ ತಂತ್ರಾಂಶ ಏಳಬೇಕಾದರೆ, ಮೊಬೈಲೂ ಟೀವಿಯೂ ಹುಡುಕಿಕೊಂಡು ಬರಲು ಅದಕ್ಕೊಂದು ವಿಳಾಸ ಬೇಕು. ಆ ವಿಳಾಸ ಕೊಡುವುದು ರೂಟರು. ರೂಟರು ನಿಧಾನಸ್ಥ. ಹಳೇ ಡಿಸ್ಕೂ ನಿಧಾನವಾಗಿದ್ದುದರಿಂದ ಇಬ್ಬರೂ ಹೊಂದಿಕೊಂಡು ಹೋಗುತ್ತಿದ್ದರು. ನಾನು ಕಂಪ್ಯೂಟರಿಗೆ ಅವಸರ ಕಲಿಸಿದೆ. ಅದು ರೂಟರಿಗಿಂತ ಮೊದಲು ಎದ್ದು, ವಿಳಾಸ ಸಿಗದೆ, ಪಟಪಟನೆ ನಾಲ್ಕಾರು ಸಲ ಪ್ರಯತ್ನಿಸಿ, ಮುನಿಸಿಕೊಂಡು ಮಲಗುತ್ತಿತ್ತು. ನಾನು ಬಂದು ಮರುಚಾಲನೆ ಮಾಡುವಾಗ ರೂಟರು ಯಾವಾಗಲೋ ಎದ್ದಿರುತ್ತಿತ್ತು. ಹಾಗಾಗಿ ನನ್ನೆದುರು ಎಂದೂ ತಪ್ಪಲಿಲ್ಲ. ಅಕ್ಕನ ಮಾನ ಹೋದದ್ದು ಹೊಗಳಿಕೆಗೆಂದು ನಾನು ಹಾಕಿದ ಡಿಸ್ಕಿನಿಂದ.

ಕೂತು ಕೀಬೋರ್ಡು ಎಳೆದುಕೊಂಡೆ. ಎರಡು ಸಾಲು ಬರೆದಿರಲಿಲ್ಲ, ಬಾಗಿಲಲ್ಲಿ ಕಂಡಕ್ಟರು.

“ನೀವ್ಯಾರ್ರಾ? ಎಂತ ಒತ್ತೂದು ಅಲ್ಲಿ?”

ಡಾಕ್ಟರಮ್ಮನ ಗಂಡ ಎಂದೆ. ಹೊನ್ನಾವರದಲ್ಲಿ ಆ ಮಾತಿಗೆ ಇರುವ ಬೆಲೆಯನ್ನು ನಾನು ನಂಬಿದ್ದೆ. ಅವರ ಮುಖ ಇನ್ನೂ ಬಿಗಿಯಾಯಿತು. ಹಾಗಾದರೆ ನಿಮ್ಮ ಕಡೆಯವರು ಯಾರು ಬಂದಿದ್ದಾರೆ ಇವತ್ತು ಎಂದು ಕೇಳಿದರು. ಅವರ ಹಿಂದೆ ನಾಲ್ಕೈದು ಮುಖಗಳು. ಯಾರೂ ಬಂದಿಲ್ಲ ಎಂದೆ. ನಂಬಿದವರು ಕಾಣಲಿಲ್ಲ. ಯಂತ್ರ ಯಾವಾಗ ಏಳಬೇಕೆಂದು ಅದಕ್ಕೆ ಹೇಳುತ್ತಿದ್ದೇನೆ, ಅಷ್ಟೇ ಎಂದೆ. ಹೇಳುವಾಗ ಬೆರಳು ತಪ್ಪಿತು, ತಪ್ಪಿದ್ದನ್ನು ಅಳಿಸಿದೆ. ಅಳಿಸಿದ್ದು ಅವರ ಕಣ್ಣಿಗೆ ಬಿತ್ತು. ಏನೂ ಮಾಡದ ಮನುಷ್ಯ ಕಳ್ಳನ ಹಾಗೆ ಕಾಣಲು ಎಷ್ಟು ಸ್ವಲ್ಪ ಸಾಕೆಂದು ತಿಳಿಯಿತು. ಅಕ್ಕ ಮೇಜಿನ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಕೀಬೋರ್ಡಿನಿಂದ ಕೈ ತೆಗೆದೆ.

ಆ ದಿನದ ಮಟ್ಟಿಗೆ ಕೈಚೀಟಿಯಲ್ಲೇ ನಡೆಯಲಿ ಎಂದೆ. ಮಧ್ಯಾಹ್ನ ಬಾಗಿಲು ಹಾಕಿದ ಮೇಲೆ ಎಲ್ಲರೆದುರೇ ರಿಪೇರಿ, ಬೇಕಾದವರು ಇದ್ದು ನೋಡಬಹುದು ಎಂದು ಜಗಲಿಯಲ್ಲಿ ನಿಂತು ಸಾರಿದೆ. ಮಧ್ಯಾಹ್ನಕ್ಕೆ ಉಳಿದವರು ಕಂಡಕ್ಟರು ಒಬ್ಬರೇ. ಸಕ್ಕರೆ ಕಾಯಿಲೆಯ ಮನುಷ್ಯ ಊಟ ತಪ್ಪಿಸಿದರೆ ತಾನು ಸುಮ್ಮನಿರುವುದಿಲ್ಲವೆಂದು ಹೆಂಡತಿ ತನ್ನ ಡಬ್ಬಿಯಲ್ಲಿ ಅವರಿಗೂ ಪಾಲು ಕೊಟ್ಟಳು. ಅವರು ಉಂಡು, ಕೈ ತೊಳೆದು, ನನ್ನ ಹೆಗಲ ಹಿಂದೆ ಕುರ್ಚಿ ಹಾಕಿ ಕೂತರು.

ಬರೆಯಬೇಕಾಗಿದ್ದು ಕೆಲವೇ ಸಾಲು. ವಿಳಾಸ ಸಿಗುವವರೆಗೆ ಕಾಯಿ. ಸಿಗದಿದ್ದರೆ ಮುನಿಸಿಕೊಳ್ಳಬೇಡ, ಸ್ವಲ್ಪ ಬಿಟ್ಟು ಮತ್ತೆ ಕೇಳು. ಎಷ್ಟು ಸಲವಾದರೂ ಕೇಳು. ನಡುವೆ ಬಿದ್ದರೆ ತಾನಾಗಿ ಏಳು. ಪ್ರತಿಯೊಂದನ್ನೂ ಕನ್ನಡದಲ್ಲಿ ಹೇಳಿ ಬರೆದೆ. ಕಂಡಕ್ಟರು, ಇಷ್ಟೇ ಇದ್ದರೆ ಮೊದಲೇ ಹೇಳಬಾರದಿತ್ತೇ ಅದಕ್ಕೆ ಎಂದರು.

ಪರೀಕ್ಷೆಗೆ ಈ ಸಲ ಮರುಚಾಲನೆ ಅಲ್ಲ, ಮೇನ್ ಸ್ವಿಚ್ಚೇ. ಅಕ್ಕ ಇಳಿಸಿದಳು, ಎತ್ತಿದಳು. ಮೂವರೂ ಜಗಲಿಯಲ್ಲಿ ನಿಂತು ಟೀವಿ ನೋಡಿದೆವು. ನೀಲಿ ಬಂತು, ನೀಲಿ ನಿಂತಿತು. ಇಷ್ಟು ಹೊತ್ತು ನಾನು ಯಾವ ಪರೀಕ್ಷೆಯ ಫಲಿತಾಂಶಕ್ಕೂ ಕಾದಿರಲಿಲ್ಲ. ಆಮೇಲೆ ನಂಬರಿನ ಪಟ ಮೂಡಿತು. ಇನ್ನೊಮ್ಮೆ ಎಂದರು ಕಂಡಕ್ಟರು. ಇಳಿಸಿ ಎತ್ತಿದೆವು. ಮತ್ತೂ ಇನ್ನೊಮ್ಮೆ ಎಂದರು. ಕಡೆಗೆ ಹೆಂಡತಿ ಒಳಗಿನಿಂದ ಬಂದು, ಸ್ವಿಚ್ಚು ಕೈಗೆ ಬಂದೀತು, ಸಾಕು ಎಂದಳು.

ಮರುದಿನವೂ ಬಸ್ಸಿನಲ್ಲೇ ಹೋದೆ, ಚಪ್ಪಲಿಯನ್ನೂ ಪಾಳಿಯಲ್ಲೇ ಬಿಟ್ಟೆ. ಅಕ್ಕ ಬೀಗ ತೆಗೆದು ಮೇನ್ ಎತ್ತಿದಳು. ಒಳಗೆ ಹೋಗಲಿಲ್ಲ. ಜಗಲಿಯಲ್ಲೇ, ಜನರ ನಡುವೆ, ಎರಡೂ ಕೈ ಸೆರಗಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ನಿಂತಳು. ನೀಲಿಯಾಗಿದ್ದ ಟೀವಿ ತಾನಾಗಿ ಬದಲಾಯಿತು. ಕಂಡಕ್ಟರು ಮೊಬೈಲಿನ ಮೇಲೆ ಬೆರಳಿಟ್ಟು ಚೀಟಿ ತೆಗೆದುಕೊಂಡು, ಅದನ್ನು ನೋಡಿ, ಅಕ್ಕನ ಕೈಗಳನ್ನು ನೋಡಿ, ಬೆಂಚಿಗೆ ಹೋಗಿ ಕೂತರು. ನಾನು ಚಪ್ಪಾಳೆಯನ್ನು ನಿರೀಕ್ಷಿಸಿದ್ದೆನೇನೋ. ಯಾರೋ ನನ್ನ ಚಪ್ಪಲಿ ದಾರಿಗೆ ಅಡ್ಡವಿದೆ, ತೆಗೆಯಿರಿ ಎಂದರು.

ತಿಂಗಳು ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಒಬ್ಬ ಮುದುಕಿ ಕೆಮ್ಮುತ್ತ ಬಸ್ಸಿಳಿದು ಬಂದರು. ಅಕ್ಕನ ತಾಯಿ, ಮದುವೆಯಲ್ಲಿ ಊಟ ಬಿಟ್ಟು ಎದ್ದವರು. ಬೆಳಗಿನ ಕೆಲಸ ಮುಗಿಸಿ ಬಂದದ್ದರಿಂದ ತಡವಾಗಿತ್ತು. ಮೊಬೈಲನ್ನು ಹೇಗೆ ಒತ್ತುವುದೆಂದು ಅವರಿಗೆ ತಿಳಿಯಲಿಲ್ಲ. ಅಕ್ಕ ಕೂತಲ್ಲಿಂದ ಏಳಲಿಲ್ಲ. ಭಟ್ಕಳದ ಕಡೆಯ ಒಬ್ಬ ಹೆಂಗಸು ಎದ್ದು ಹೋಗಿ ತೋರಿಸಿದರು. ಚೀಟಿ ಬಂತು, ಎಲ್ಲರಿಗಿಂತ ಕೊನೆಯ ನಂಬರು. ಮುದುಕಿ ಬೆಂಚಿನ ತುದಿಯಲ್ಲಿ ಕೂತರು.

ಕೆಮ್ಮು ಜೋರಾಯಿತು. ಕಂಡಕ್ಟರು ಒಂದೆರಡು ಸಲ ಅತ್ತ ತಿರುಗಿ ನೋಡಿದರು. ಆಮೇಲೆ ಎದ್ದು ತಮ್ಮ ಚೀಟಿಯನ್ನು ಮುದುಕಿಯ ಮುಂದೆ ಹಿಡಿದು, ನಾನು ಆಮೇಲೆ ಹೋಗುತ್ತೇನೆ, ಇದರಲ್ಲಿ ನೀವು ಹೋಗಿ ಎಂದರು. ಮುದುಕಿ ಮಗಳ ಕಡೆ ನೋಡಿದರು.

“ಅವ್ರು ಕೂತ್ಕಳ್ಲಿ ಮಾರಾಯ್ರೆ,” ಎಂದಳು ಅಕ್ಕ. “ಇವತ್ತು ಅಮ್ಮ ಎಲ್ರ ಎದ್ರಿಗೆ ಪಾಳಿಲಿ ಕೂತದ್ದೇ ನಂಗೆ ದೊಡ್ದು.”

ಕಂಡಕ್ಟರು ಚೀಟಿ ಹಿಡಿದ ಕೈಯನ್ನು ಮೆಲ್ಲಗೆ ಇಳಿಸಿದರು. ಹೋಗಿ ಮುದುಕಿಯ ಪಕ್ಕದಲ್ಲೇ ಕೂತರು. ತಮ್ಮ ನಂಬರು ಬಂದಾಗ ಹೋಗಿ ಬಂದು ಮತ್ತೆ ಅಲ್ಲೇ ಕೂತರು. ಒಳಕೋಣೆಗೆ ಹೋಗಬೇಕಾಗಿದ್ದ ನಾನೂ ಬೆಂಚಿನಲ್ಲೇ ಉಳಿದೆ. ಊಟದ ಹೊತ್ತು ಮೀರಿತ್ತು. ಅಕ್ಕ ತಿಂಗಳ ಕೊನೆಗೆ ಕೆಲಸ ಬಿಡುವ ವಿಷಯ ಮತ್ತೆ ಎತ್ತಿರಲಿಲ್ಲ, ನಾವೂ ಕೇಳಿರಲಿಲ್ಲ.

ಕಡೆಗೆ ಟೀವಿ ನನ್ನ ಒಡಕು ಧ್ವನಿಯಲ್ಲಿ ಕೊನೆಯ ನಂಬರನ್ನು ಕೂಗಿತು. ಮುದುಕಿ ಮೊಣಕಾಲು ಹಿಡಿದು ಎದ್ದರು. ಬಾಗಿಲ ಕಡೆ ಹೋಗುವ ಮೊದಲು ತಿರುಗಿ, ಯಾರೂ ಕೇಳದಿದ್ದರೂ, ಚೀಟಿಯನ್ನು ಕಂಡಕ್ಟರ ಮುಂದೆ ಹಿಡಿದರು. ಅವರು ಅದನ್ನು ಕೈಗೆ ತೆಗೆದುಕೊಂಡು ಟೀವಿಯ ನಂಬರಿಗೆ ಹೋಲಿಸಿ ನೋಡಿದರು. ಆಮೇಲೆ ಎದ್ದು ನಿಂತು, ಚೀಟಿಯನ್ನು ಎರಡೂ ಕೈಯಲ್ಲಿ ವಾಪಸು ಕೊಟ್ಟು, ಒಳಗಿದ್ದ ನನ್ನ ಹೆಂಡತಿಗೂ ಕೇಳುವಂತೆ “ರೈಟ್” ಎಂದರು.